ಸುಣ್ಣದ ಡಬ್ಬಿಗಾಗಿ ಹುಟ್ಟಿದ ಸಂಚಿ

ವೀಳ್ಯದೆಲೆ ಬಾಡಬಾರದು. ಅಡಿಕೆಗೆ ಪಸೆ ತಾಕಬಾರದು. ಹೊಗೆಸೊಪ್ಪಿನ ಘಾಟು ಏಲಕ್ಕಿ, ಲವಂಗಕ್ಕೆ ಹತ್ತಬಾರದು. ಸುಣ್ಣವಂತೂ ಒಣಗಲೂಬಾರದು, ಸೋರಲೂಬಾರದು. ಒಂದಕ್ಕೊಂದು ಆಗಿಬರದ ಇಷ್ಟನ್ನೂ ಜೇಬೇ ಇಲ್ಲದ ಉಡುಪಿನಲ್ಲಿ, ಉಳುವಾಗ, ಕಳೆ ಕೀಳುವಾಗ, ಸಂತೆಗೆ ನಡೆಯುವಾಗ ಮೈಮೇಲೆ ಇಟ್ಟುಕೊಂಡು ತಿರುಗುವುದು ಹೇಗೆ? ನಮ್ಮ ಹಳ್ಳಿಗಳು ಇದಕ್ಕೆ ಕಂಡುಕೊಂಡ ಉಪಾಯವೇ ಎಲೆಯಡಿಕೆ ಸಂಚಿ. ಮಡಿಚಿದರೆ ಅಂಗೈಯಗಲ, ಬಿಚ್ಚಿದರೆ ಮೊಣಕೈ ಉದ್ದ.

ಹಳೇ ಮೈಸೂರಿನ ಕಡೆ ಇದು ಸಂಚಿ, ಧಾರವಾಡ, ಬೆಳಗಾವಿಯ ಕಡೆ ಚಂಚಿ. ಗಡಿಯಾಚೆಯ ಮರಾಠಿ ಸೀಮೆಯಲ್ಲೂ ಚಂಚಿಯೇ. ರೂಪದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಾಯಿಗೆ ದಾರ ಪೋಣಿಸಿದ ಚೀಲ. ಎರಡೂ ಬದಿಯ ದಾರ ಹಿಡಿದೆಳೆದರೆ ಬಾಯಿ ಮುಚ್ಚುತ್ತದೆ, ಅಂಚು ಹಿಡಿದು ಅಗಲಿಸಿದರೆ ತೆರೆಯುತ್ತದೆ. ಒಳಗೆ ಒಂದರ ಹಿಂದೊಂದು ಜೇಬು. ಇನ್ನೊಂದು, ಉದ್ದನೆಯ ಪಟ್ಟಿಯಂಥದು. ಪಟ್ಟಿಯ ಮೇಲೆ ಸಾಲಾಗಿ ಜೇಬುಗಳು, ತುದಿಯಲ್ಲೊಂದು ದಾರ. ಕೆಳಗಿನಿಂದ ಮಡಿಚುತ್ತಾ ಬಂದು ದಾರವನ್ನು ಎರಡು ಮೂರು ಸುತ್ತು ಸುತ್ತಿ ಸಿಕ್ಕಿಸಿದರೆ ಮುಗಿಯಿತು. ದಾರದ ಕೊನೆಗೆ ಕವಡೆಯನ್ನೋ ಹಳೆಯ ತೂತುಕಾಸನ್ನೋ ಕಟ್ಟುವುದುಂಟು. ಅಂದಕ್ಕಾಗಿ ಮಾತ್ರವಲ್ಲ, ಸುತ್ತು ಜಾರದಿರಲಿ ಎಂದು. ಗಂಡಸರು ಇದನ್ನು ಪಂಚೆಯ ಮಡಿಕೆಗೆ, ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹೆಂಗಸರಿಗೆ ಸೀರೆ ಸೊಂಟದ ಬಳಿ ಬಿಗಿಯಾಗುವ ಜಾಗವೇ ಸಂಚಿಯ ಜಾಗ.

ಹೊಲಿಗೆಯನ್ನು ಗಮನಿಸಿ ನೋಡಿದರೆ ಇಡೀ ಸಂಚಿ ಒಂದು ಪುಟ್ಟ ಡಬ್ಬಿಯನ್ನು ನಡುವಿಟ್ಟುಕೊಂಡು ರೂಪುಗೊಂಡದ್ದು ತಿಳಿಯುತ್ತದೆ. ಎಲೆಯ ಜೇಬು ಅಗಲ, ಅಡಿಕೆಯದು ಆಳ. ಇವೆರಡರಿಂದಲೂ ದೂರವಾಗಿ, ಬಟ್ಟೆ ಎರಡು ಪದರವಾಗಿರುವ ಕಡೆ, ಬಿಗಿಯಾದ ಚಿಕ್ಕ ಜೇಬೊಂದು ಇರುತ್ತದೆ. ಅದು ಸುಣ್ಣದ ಡಬ್ಬಿಯದು. ಅಡಿಕೆ, ಎಲೆ ಮಾತ್ರವೇ ಆಗಿದ್ದರೆ ಸೆರಗಿನ ತುದಿಯ ಗಂಟು ಸಾಕಿತ್ತು. ಸುಣ್ಣದಿಂದಾಗಿಯೇ ಜೇಬುಗಳು ಬೇಕಾದವು ಎಂಬುದು ನನ್ನ ದೃಢವಾದ ನಂಬಿಕೆ.

ಸುಣ್ಣದ ಗುಣವೇ ಹಾಗೆ. ಕಪ್ಪೆಚಿಪ್ಪನ್ನೋ ಸುಣ್ಣದ ಕಲ್ಲನ್ನೋ ಸುಟ್ಟು, ನೀರು ಹಾಕಿ ಅರಳಿಸಿದಾಗ ಸಿಗುವ ಬೆಣ್ಣೆಯಂಥ ಬಿಳಿ ಮುದ್ದೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತಿಳಿನೀರಿನ ಪಿಎಚ್ 12ನ್ನೂ ಮೀರುತ್ತದೆ. ಚರ್ಮಕ್ಕೆ ಹತ್ತಿದರೆ ಉರಿ, ಎಲೆಗೆ ಮೊದಲೇ ತಾಗಿದರೆ ಎಲೆ ಕಪ್ಪು. ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸೀಮೆಸುಣ್ಣದ ಹುಡಿಯಾಗಿಬಿಡುತ್ತದೆ. ಆಮೇಲೆ ನೀರು ಹಾಕಿದರೂ ಅದಕ್ಕೆ ಹಳೆಯ ಕಾರ ಬರುವುದಿಲ್ಲ. ಹಾಗೆಂದು ಬಿಡುವಂತೆಯೂ ಇಲ್ಲ. ಬಾಯಿ ಕೆಂಪಾಗುವುದು ಸುಣ್ಣದಿಂದ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಬೇಗನೆ ಮೈಗೇರಿ ಬೆಚ್ಚಗಾಗುವುದಕ್ಕೂ ಸುಣ್ಣವೇ ಕಾರಣ. ಹೀಗಾಗಿ ಗಾಳಿಯಾಡದ, ಮುಚ್ಚಳ ಬಿಗಿಯಾದ, ಕಿರುಬೆರಳ ತುದಿಯಷ್ಟೇ ಒಳಹೋಗುವ ಡಬ್ಬಿ ಬೇಕಾಯಿತು. ಹಿತ್ತಾಳೆಯ ಡಬ್ಬಿಗಳು ಸುಣ್ಣವನ್ನು ಚೆನ್ನಾಗಿ ತಾಳಿಕೊಂಡವು. ಆಮೇಲೆ ಅಗ್ಗವೆಂದು ಬಂದ ಅಲ್ಯೂಮಿನಿಯಂ ಡಬ್ಬಿಯ ಒಳಮೈಯನ್ನು ಸುಣ್ಣ ನಿಧಾನವಾಗಿ ತಿನ್ನುತ್ತದೆ.

ನಮ್ಮಜ್ಜಿ ಸಂಜೆ ಜಗಲಿಗೆ ಬಂದು ಕೂತರೆ ಮೊದಲು ಬಿಚ್ಚುತ್ತಿದ್ದುದು ಆ ಚಿಕ್ಕ ಜೇಬನ್ನೇ. "ಮಗಾ, ಸುಣ್ಣ ಒಣ್ಗೋಗದೆ, ಒಂದ್ ತೊಟ್ಟು ನೀರ್ ಬುಟ್ಕೊಂಡ್ ಬಾ" ಎಂದು ಡಬ್ಬಿ ಕೈಗೆ ಕೊಡುವಳು. ಹೆಚ್ಚು ನೀರಾದರೆ ಬೈಗುಳ. ತೆಳುವಾದ ಸುಣ್ಣ ಮುಚ್ಚಳದಿಂದ ಜಿನುಗಿ ಸಂಚಿಯ ಬಟ್ಟೆಯನ್ನು ಸುಡುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎಲೆಯಡಿಕೆಯ ಚೀಲ ಎಲ್ಲರ ಸೊಂಟದಲ್ಲೂ ಇರಲಿಲ್ಲ, ಕೆಲವರದು ಇನ್ನೊಬ್ಬರ ಕೈಯಲ್ಲಿತ್ತು. ಅರಸರಿಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪ್ರಮೇಯವೇ ಇರಲಿಲ್ಲ, ಹೊರಲು ಜನವಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ' ಅರಸನ ಭೋಗಗಳನ್ನು ಎಣಿಸುವಾಗ ತಾಂಬೂಲಕ್ಕೇ ಪ್ರತ್ಯೇಕ ಸ್ಥಾನ ಕೊಡುತ್ತದೆ. ತಾಂಬೂಲದ ಸಾಮಗ್ರಿ ತುಂಬಿದ ಚೀಲ ಹಡಪ, ಅದನ್ನು ಹಿಡಿದು ಒಡೆಯನ ಪಕ್ಕದಲ್ಲೇ ಇರುವವನು ಹಡಪದವನು. ಅದೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಹಡಪ ಹಿಡಿದವರು ಅಪ್ಪಣ್ಣ. ಅವರ ಹೆಸರಿನ ಮುಂದೆ ಆ ಕಾಯಕ ಇಂದಿಗೂ ನಿಂತಿದೆ. ಹಡಪದ ಅಪ್ಪಣ್ಣ ಬರಿಯ ಸೇವಕರಲ್ಲ, ವಚನಕಾರರು. ಪತ್ನಿ ಲಿಂಗಮ್ಮನವರೂ ವಚನ ಬರೆದರು. ಅಪ್ಪಣ್ಣನವರನ್ನು ಕಂಡಮೇಲೆಯೇ ಬಸವಣ್ಣನವರನ್ನು ಕಾಣಬೇಕಿತ್ತು ಎಂಬುದು ಪರಂಪರೆಯ ಮಾತು. ಕ್ಷೌರದ ಕಾಯಕದ ಹಡಪದ ಸಮುದಾಯ ಅವರನ್ನು ತನ್ನ ಮೂಲಪುರುಷರೆಂದು ಪೂಜಿಸುತ್ತದೆ. ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ ಅವರ ಮಠವಿದೆ.

ಚೀಲ ಹಿಡಿಯುವ ಕೆಲಸ ಇಷ್ಟೊಂದು ದೊಡ್ಡದಾದದ್ದು ನಂಬಿಕೆಯಿಂದ. ಒಡೆಯನ ಬಾಯಿಗೆ ನೇರವಾಗಿ ಹೋಗುವ ವಸ್ತು ಆ ಚೀಲದಲ್ಲಿದೆ. ವಿಷವಿಕ್ಕಬೇಕೆನ್ನುವವರಿಗೆ ಅದಕ್ಕಿಂತ ಹತ್ತಿರದ ದಾರಿ ಬೇರೆಯಿಲ್ಲ. ವಿಜಯನಗರದಲ್ಲಿ ಈ ಹುದ್ದೆ ಎಲ್ಲಿಯವರೆಗೆ ಬೆಳೆದಿತ್ತೆಂದರೆ, ರಾಯಚೂರಿನ ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ಸೈನ್ಯವನ್ನು ವಿವರಿಸುವ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್, ರಾಯನಿಗೆ ವೀಳ್ಯ ಕೊಡುವವನ ಕೈಕೆಳಗೆ 15,000 ಕಾಲಾಳು, 200 ಕುದುರೆಗಳಿದ್ದವು ಎಂದು ಬರೆದಿದ್ದಾನೆ. ಆನೆಗಳಿರಲಿಲ್ಲ ಎಂದೂ ಸೇರಿಸುತ್ತಾನೆ. ಅದಕ್ಕೂ ಹಿಂದೆ, 1443ರಲ್ಲಿ, ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ತನಗೆ ಸಿಕ್ಕ ಮರ್ಯಾದೆಯನ್ನು ದಾಖಲಿಸುವಾಗ ವೀಳ್ಯದ ಎರಡು ಕಟ್ಟು, 500 ಫಣಗಳ ಚೀಲ, ಕರ್ಪೂರ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಣದ ಪಕ್ಕದಲ್ಲಿ ಎಲೆ ಕೂರುವಷ್ಟು ಅದಕ್ಕೆ ಬೆಲೆಯಿತ್ತು.

ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ಅಂದರೆ 1673ರಿಂದ 1704ರ ನಡುವೆ, ಅರಮನೆಯ ರಾಣಿವಾಸದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು ಯಳಂದೂರಿನ ಹೊನ್ನಮ್ಮ. 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ಬರೆದವಳು ಅವಳೇ. ಕನ್ನಡ ಸಾಹಿತ್ಯ ಚರಿತ್ರೆ ಅವಳನ್ನು ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತದೆ. ಇಂಥ ಚೀಲ ಹಿಡಿದ ಇಬ್ಬರು, ಅಪ್ಪಣ್ಣ ಮತ್ತು ಹೊನ್ನಮ್ಮ, ಐನೂರು ವರ್ಷಗಳ ಅಂತರದಲ್ಲಿ ಕನ್ನಡ ಕಾವ್ಯಕ್ಕೆ ಬಂದಿದ್ದಾರೆ. ದೊಡ್ಡವರ ಮಾತುಕತೆಗಳ ನಡುವೆ, ಕರೆದಾಗ ಮಾತ್ರ ಕೈ ನೀಡುತ್ತಾ, ಉಳಿದ ಹೊತ್ತೆಲ್ಲ ಕೇಳುತ್ತಾ ನಿಲ್ಲುವ ಕೆಲಸವದು. ಆ ನಿಲುವು ಇಬ್ಬರಿಗೂ ಬರವಣಿಗೆಯಲ್ಲಿ ನೆರವಾಗಿರಲೇಬೇಕು ಎಂದು ನನಗನಿಸುತ್ತದೆ.

ಹಡಪ ಹೊರುವವರಿದ್ದ ಮನೆಗಳು ಬೆರಳೆಣಿಕೆಯವು. ಎಲೆಯಡಿಕೆ ಹಾಕುವವರು ಊರು ತುಂಬ. ಉಳಿದವರೆಲ್ಲ ಆ ಚೀಲವನ್ನು ತಾವೇ ಹೊರಬೇಕಾದಾಗ ಅದು ಚಿಕ್ಕದಾಗಬೇಕಾಯಿತು, ಮಡಿಚಿಕೊಳ್ಳಬೇಕಾಯಿತು. ತಟ್ಟೆ, ಕರಂಡಕ, ಬೆಳ್ಳಿಯ ಅಡಕತ್ತರಿ ಮನೆಯಲ್ಲೇ ಉಳಿದವು. ಮೈಗೆ ಬಂದದ್ದು ಬಟ್ಟೆಯ ಜೇಬು ಮತ್ತು ಸುಣ್ಣದ ಡಬ್ಬಿ. ಆಮೇಲೆ ಇನ್ನೊಂದು ಜೇಬು ಬೇಕಾಗುವ ಕಾಲವೂ ಬಂತು. ಅಮೆರಿಕ ಖಂಡದ ಹೊಗೆಸೊಪ್ಪನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದಿದ್ದರು. 1604ರ ಹೊತ್ತಿಗೆ ಬಿಜಾಪುರಕ್ಕೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್, ತಾನು ಅಲ್ಲಿಯವರೆಗೆ ಕಂಡಿರದ ತಂಬಾಕನ್ನು ಅಲ್ಲಿ ಕಂಡು ಅಕ್ಬರನಿಗೆಂದು ಕೊಂಡೊಯ್ದ. ಬಿಜಾಪುರದ ಪೇಟೆಗೆ ಬಂದದ್ದು ಕ್ರಮೇಣ ಸುತ್ತಲಿನ ಹಳ್ಳಿಗಳ ಬಾಯಿಗೂ ಬಂತು. ಎರಡು ತುದಿಗೂ ಮುಚ್ಚಳವಿರುವ, ಒಂದೆಡೆ ಸುಣ್ಣ, ಇನ್ನೊಂದೆಡೆ ತಂಬಾಕು ತುಂಬುವ ಡಬ್ಬಿ ಆ ಜೋಡಿಗೆಂದೇ ಮಾಡಿದ್ದು. ಉತ್ತರ ಕರ್ನಾಟಕದ ಸಂತೆಗಳಲ್ಲಿ ಅದು ಈಗಲೂ ಸಿಗುತ್ತದೆ.

ಜೇಬಿಲ್ಲದ ಉಡುಪಿನ ತೊಡಕು ನಮ್ಮೊಬ್ಬರದೇ ಅಲ್ಲ. ಜಪಾನಿನ ಕಿಮೋನೊಗೂ ಜೇಬಿರಲಿಲ್ಲ. ಎದೋ ಕಾಲದಲ್ಲಿ ಅಲ್ಲಿನ ಗಂಡಸರು ಔಷಧಿಯ ಗುಳಿಗೆಗಳಿಗಾಗಿ ಒಂದರ ಮೇಲೊಂದು ಕೂರುವ ಪುಟ್ಟ ಅರಗಿನ ಡಬ್ಬಿಗಳನ್ನು ದಾರಕ್ಕೆ ಪೋಣಿಸಿ ನಡುಪಟ್ಟಿಯಿಂದ ಇಳಿಬಿಟ್ಟುಕೊಂಡರು. ಅದರ ಹೆಸರು ಇನ್ರೊ. ದಾರ ಜಾರದಂತೆ ಮೇಲ್ತುದಿಗೆ ನೆತ್ಸುಕೆ ಎಂಬ ಕೆತ್ತನೆಯ ಗುಂಡಿ. ಪಾಪುವಾ ನ್ಯೂಗಿನಿಯಲ್ಲಿ ಅಡಿಕೆಗೆ ಬೇಕಾದ ಸುಣ್ಣವನ್ನು ಸೋರೆಬುರುಡೆಯಲ್ಲಿ ತುಂಬಿ ಹೆಣೆದ ಚೀಲದಲ್ಲಿ ಒಯ್ಯುತ್ತಾರೆ. ಅವರೆಲ್ಲ ಡಬ್ಬಿಯನ್ನೇ ಚೆಂದ ಮಾಡಿದರು. ನಮ್ಮ ಹಳ್ಳಿಯವರು ಡಬ್ಬಿಯನ್ನು ಸಾದಾ ಬಿಟ್ಟು ಅದರ ಸುತ್ತಲಿನ ಬಟ್ಟೆಯ ಮೇಲೆ ಕೈಚಳಕ ತೋರಿದರು.

ಆ ಬಟ್ಟೆ ಅಂಗಡಿಯಿಂದ ಕೊಂಡದ್ದಲ್ಲ. ದರ್ಜಿ ಕತ್ತರಿಸಿ ಬಿಸಾಡಿದ ಚೂರು, ಸವೆದ ಸೀರೆಯ ಗಟ್ಟಿ ಉಳಿದ ಅಂಚು, ಹರಿದ ಕುಪ್ಪಸದ ತೋಳು. ಕೌದಿ ಹೊಲಿಯುವ ಕೈಗಳೇ ಸಂಚಿಯನ್ನೂ ಹೊಲಿದವು. ಕೌದಿಯಲ್ಲಿ ಪದರಗಳನ್ನು ಒಟ್ಟುಗೂಡಿಸುವ ಓಟದ ಹೊಲಿಗೆ ಇಲ್ಲಿ ಜೇಬುಗಳನ್ನು ಬೇರೆ ಬೇರೆಯಾಗಿ ಇಡುತ್ತದೆ. ಕಷ್ಟವಿರುವುದು ಅಳತೆಯಲ್ಲಿ. ಡಬ್ಬಿಯ ಜೇಬು ಒಂದು ನೂಲು ಸಡಿಲವಾದರೆ ಬಗ್ಗಿದಾಗ ಡಬ್ಬಿ ಜಾರುತ್ತದೆ. ಬಿಗಿಯಾದರೆ ಕೆಸರುಗೈಯಲ್ಲಿ ತೆಗೆಯಲಾಗುವುದಿಲ್ಲ. ಹೊಲಿಯುವಾಕೆ ಡಬ್ಬಿಯನ್ನೇ ಬಟ್ಟೆಯ ಮೇಲಿಟ್ಟು ಸುತ್ತ ಉಗುರಿನಿಂದ ಗೆರೆ ಎಳೆದು ಅಳತೆ ಹಿಡಿಯುತ್ತಿದ್ದಳು. ಲಂಬಾಣಿ ತಾಂಡಾಗಳ ಚೀಲಗಳದ್ದು ಬೇರೆಯೇ ವೈಭವ: ಕನ್ನಡಿ, ಕವಡೆ, ಗಾಢ ಕೆಂಪು ನೀಲಿಯ ಮೇಲೆ ಒತ್ತೊತ್ತಾದ ಕಸೂತಿ. ಎತ್ತುಗಳ ಹಿಂಡಿನ ಜೊತೆ ಉಪ್ಪು, ಧಾನ್ಯ ಸಾಗಿಸುತ್ತ ಊರೂರು ಅಲೆದ ಜನರಿಗೆ ಮೈಮೇಲೆ ಹೊರುವ ಚೀಲವೇ ಕಪಾಟು. ಅವರ ಸಂಡೂರಿನ ಕಸೂತಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ.

ಸಂಚಿ ಎಲೆಯಡಿಕೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಒಳಗಿನ ಜೇಬಿನಲ್ಲಿ ಚಿಲ್ಲರೆ ಕಾಸು, ಸೂಜಿ ದಾರ, ಮುಳ್ಳು ತೆಗೆಯುವ ಚಿಮಟ, ಮಗುವಿನ ಹೊಟ್ಟೆನೋವಿಗೆ ಒಂದು ಚೂರು ಬಜೆ. ಹೆಂಗಸರ ಕೈಯಲ್ಲಿ ಹಣ ಉಳಿಯದ ಮನೆಗಳಲ್ಲಿ ಅತ್ತೆಯೂ ಗಂಡನೂ ಕೈಹಾಕದ ಜಾಗ ಅದೊಂದೇ ಆಗಿತ್ತು. ಸೊಸೆಯ ಬಾಣಂತನಕ್ಕೆ, ಮೊಮ್ಮಗನ ಪುಸ್ತಕಕ್ಕೆ ನೋಟು ಬಿಚ್ಚಿಕೊಂಡು ಬಂದದ್ದು ಸುಣ್ಣದ ಡಬ್ಬಿಯ ಹಿಂದಿನ ಜೇಬಿನಿಂದ.

ಸಂಚಿಯನ್ನು ಸೊಂಟದಿಂದ ಇಳಿಸಿದ್ದು ಮೊದಲಿಗೆ ಅಂಗಿಯ ಜೇಬು. ಆಮೇಲೆ, ಹೆಚ್ಚು ಬಿರುಸಾಗಿ, ಗುಟ್ಕಾ ಚೀಟಿ. ಅದರಲ್ಲಿ ಸುಣ್ಣ, ಅಡಿಕೆ, ತಂಬಾಕು ಎಲ್ಲ ಮೊದಲೇ ಬೆರೆತು ಒಣಗಿ ಬರುತ್ತದೆ. ಡಬ್ಬಿ ಬೇಡ, ಎಲೆ ಬೇಡ, ಕಾಯುವುದು ಬೇಡ. ಹರಿದು ಬಾಯಿಗೆ ಸುರಿದುಕೊಂಡು ಬಿಸಾಡಿದರಾಯಿತು. ಸಂಚಿ ಬಿಚ್ಚಿ, ಎಲೆಯ ನಾರು ತೆಗೆದು, ಸುಣ್ಣ ಸವರಿ ಮಡಿಚುವಷ್ಟು ಹೊತ್ತು ಹಿಡಿಯುತ್ತಿದ್ದ ಚಟ ಒಂದು ಕ್ಷಣದ್ದಾಯಿತು. ಶಾಲೆಯ ಹುಡುಗರ ಕೈಗೂ ಅದು ಎಟುಕಿದ್ದು ಹೀಗೆಯೇ. ಅಂಥ ಪ್ಲಾಸ್ಟಿಕ್ ಚೀಟಿಗಳನ್ನು ಕೇಂದ್ರದ ನಿಯಮ 2011ರಲ್ಲಿ ನಿಷೇಧಿಸಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು.

ಹಾಗೆಂದು ಅಜ್ಜಿಯ ಕಾಲದ ಎಲೆಯಡಿಕೆ ನಿರಪಾಯ ಎಂದು ನಾನು ಬರೆಯಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ವೀಳ್ಯವನ್ನೂ ಸೇರಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಕೆನ್ನೆಯೊಳಗೆ ತುತ್ತನ್ನು ಒತ್ತಿಟ್ಟುಕೊಂಡೇ ಮಲಗುತ್ತಿದ್ದ ಹಿರಿಯರಿಗೆ ಬಾಯಿಯ ಹುಣ್ಣು ಏನೆಂದು ತಿಳಿಯುವಷ್ಟರಲ್ಲಿ ತಡವಾಗಿರುತ್ತಿತ್ತು. ಚಟ ಹೋಗಬೇಕಾದದ್ದೇ. ಅದರ ಜೊತೆಗೆ ಸಂಚಿಯ ಹೊಲಿಗೆಯೂ ಹೋಗಬೇಕಾಗಿಲ್ಲ.

ಮುಲಾಮು, ಕಣ್ಣಿನ ಹನಿ, ಕುಂಕುಮದ ಭರಣಿ, ಹೀಗೆ ಮೈಮೇಲೆ ಒಯ್ಯಬೇಕಾದ ಪುಟ್ಟ ಡಬ್ಬಿಗಳು ಇಂದಿಗೂ ಕಡಿಮೆಯೇನಿಲ್ಲ. ಒಂದು ಇನ್ನೊಂದಕ್ಕೆ ತಾಗದಂತೆ, ಬಗ್ಗಿದರೂ ಜಾರದಂತೆ, ಖಾಲಿಯಾದಾಗ ಮಡಿಚಿ ಒಗೆಯಲು ಬರುವಂತೆ ಹೊಲಿಯುವ ಬಗೆ ನಮ್ಮಲ್ಲಿ ಆಗಲೇ ಇದೆ. ಆದರೆ ಅದು ಎಲ್ಲೂ ಬರೆದಿಟ್ಟದ್ದಲ್ಲ, ಕೈಯಲ್ಲಿ ಉಳಿದದ್ದು. ರಾಮನಗರದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ನಮ್ಮ ಬದುಕಿನ ಸಾಮಾನುಗಳು ಜತನವಾಗಿ ಉಳಿದಿವೆ. ಮನೆಗಳಲ್ಲಿ ಹಾಗಲ್ಲ. ಹಿತ್ತಾಳೆಯ ಡಬ್ಬಿ ಅಟ್ಟದ ಮೇಲೆ ನೂರು ವರ್ಷ ಕೂರುತ್ತದೆ, ಬಟ್ಟೆಯನ್ನು ಇಲಿಯೋ ಗೆದ್ದಲೋ ಮುಗಿಸುತ್ತದೆ.

ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಹಳೆಯ ಸಂಚಿಯೊಂದು ಸಿಕ್ಕರೆ ಒಗೆಯುವ ಮೊದಲು ಒಳಮೈ ತಿರುವಿ ನೋಡಿ. ಎಷ್ಟು ಜೇಬು, ಯಾವುದು ಎರಡು ಪದರ, ದಾರ ಯಾವ ಕಡೆಯಿಂದ ಒಳಹೊಕ್ಕಿದೆ, ಸುಣ್ಣದ ಕಲೆ ಎಲ್ಲಿದೆ ಎಂದು ಬರೆದುಕೊಳ್ಳಿ, ಚಿತ್ರ ತೆಗೆದುಕೊಳ್ಳಿ. ಹೊಲಿದವರು ಇನ್ನೂ ಇದ್ದರೆ ಅವರ ಕೈಯಲ್ಲೇ ಇನ್ನೊಂದು ಹೊಲಿಸಿ, ಪಕ್ಕದಲ್ಲಿ ಕೂತು ನೋಡಿ. ಸಂಗ್ರಹಾಲಯಕ್ಕೆ ಕೊಡುವುದಾದರೆ ಡಬ್ಬಿಯನ್ನೂ ಬಟ್ಟೆಯನ್ನೂ ಒಟ್ಟಿಗೇ ಕೊಡಿ. ಬೇರೆ ಮಾಡಿದರೆ ಆ ಒಂದು ಜೇಬು ಅಷ್ಟು ಚಿಕ್ಕದೇಕೆ ಎಂಬುದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ.