ಪಬ್ಬಿನ ಕೆಳಗಿನ ಕೋಣೆ

ಲಂಡನ್ನಿಗೆ ಹೋಗಿಬಂದವರು ಅಲ್ಲಿನ ಪಬ್ಬಿನ ಬಿಯರ್ ಬಗ್ಗೆ ಹೇಳುವ ದೂರು ಹೆಚ್ಚುಕಡಿಮೆ ಒಂದೇ: ತಣ್ಣಗಿಲ್ಲ, ಗ್ಯಾಸಿಲ್ಲ. ಬೆಂಗಳೂರಿನ ಲಾಗರ್‌ಗೆ ಒಗ್ಗಿದ ನಾಲಗೆಗೆ ಹಾಗನ್ನಿಸುವುದು ಸಹಜ. ಆದರೆ ಅವರು ಕುಡಿದದ್ದು ‘ರಿಯಲ್ ಏಲ್’ ಆಗಿದ್ದರೆ ಅದು ಕೆಟ್ಟ ಬಿಯರ್ ಅಲ್ಲ, ಬೇರೆ ಜಾತಿಯ ಬಿಯರ್. ಅದು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಗಬೇಕು. ಅಂದರೆ ಬೆಚ್ಚಗಲ್ಲ, ಗುಡಿಯ ಕಲ್ಲುನೆಲದಷ್ಟು ತಂಪು. ಗ್ಯಾಸೂ ಇರುತ್ತದೆ, ಹೊರಗಿನಿಂದ ತುಂಬಿದ್ದಲ್ಲ, ಬಿಯರ್ ತಾನೇ ಹುಟ್ಟಿಸಿಕೊಂಡದ್ದು. ಅಂಥ ಪಬ್ಬಿಗೆ ಹೋದಾಗ ಏನು ನೋಡಬೇಕು, ಹೇಗೆ ಕೇಳಬೇಕು, ಒಂದೇ ಬಿಯರ್ ಒಂದು ಕಡೆ ಅಮೃತವಾಗಿ ಇನ್ನೊಂದು ಕಡೆ ಹುಳಿನೀರಾಗುವುದು ಏಕೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ‘ದಿ ಹಾರ್ಪ್’ ಪಬ್ಬನ್ನೇ ತೆಗೆದುಕೊಳ್ಳೋಣ. ಟ್ರಫಾಲ್ಗರ್ ಚೌಕದಿಂದ ಕಾವೆಂಟ್ ಗಾರ್ಡನ್ ಕಡೆಗೆ ನಡೆದರೆ ಐದು ನಿಮಿಷದೊಳಗೆ ಚಾಂಡೋಸ್ ಪ್ಲೇಸ್ ಎಂಬ ರಸ್ತೆ ಸಿಗುತ್ತದೆ. ಅಲ್ಲಿ ಬಣ್ಣದ ಗಾಜಿನ ಮುಂಭಾಗವಿರುವ, ರೈಲು ಡಬ್ಬಿಯಂತೆ ಉದ್ದಕ್ಕೆ ಹೋಗುವ ಸಣ್ಣ ಪಬ್ಬು ಇದು. ಗೋಡೆಯ ತುಂಬ ಕನ್ನಡಿಗಳು, ಹಳೆಯ ಭಾವಚಿತ್ರಗಳು. ಹಿಂಬಾಗಿಲು ತೆರೆಯುವುದು ಲಂಡನ್ನಿನ ಅತಿ ಕಿರಿದಾದ ಓಣಿಗಳಲ್ಲಿ ಒಂದಕ್ಕೆ. ‘ಕ್ಯಾಮ್ರಾ’ ಎಂಬ ಗ್ರಾಹಕರ ಸಂಘ ಕೊಡುವ ರಾಷ್ಟ್ರದ ಅತ್ಯುತ್ತಮ ಪಬ್ ಪ್ರಶಸ್ತಿ 2010ರ ಸಾಲಿಗೆ ಇದಕ್ಕೆ ಸಿಕ್ಕಿತು. ಲಂಡನ್ನಿನ ಪಬ್ಬೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಪ್ರವಾಸಿಗರು ಕಿಕ್ಕಿರಿದ ಜಾಗದಲ್ಲಿದ್ದೂ ಇದು ಪ್ರವಾಸಿಗರ ಪಬ್ಬಾಗಲಿಲ್ಲ. ಅದಕ್ಕೆ ಕಾರಣ ಗಾಜು, ಕನ್ನಡಿಗಳಲ್ಲ. ಕಾರಣ ಇರುವುದು ನೆಲದ ಕೆಳಗೆ.

ಬ್ರೂವರಿಯಿಂದ ಹೊರಡುವಾಗ ರಿಯಲ್ ಏಲ್ ಪೂರ್ತಿ ತಯಾರಾಗಿರುವುದಿಲ್ಲ. ಅದನ್ನು ಪಾಶ್ಚರೀಕರಿಸುವುದಿಲ್ಲ, ಯೀಸ್ಟ್ ಸೋಸಿ ತೆಗೆದಿರುವುದಿಲ್ಲ. ಜೀವಂತ ಯೀಸ್ಟ್ ಪೀಪಾಯಿಯೊಳಗೆ ಉಳಿದ ಸಕ್ಕರೆಯನ್ನು ತಿನ್ನುತ್ತಾ ಬಿಯರನ್ನು ಎರಡನೆಯ ಸಲ ಹುದುಗಿಸುತ್ತದೆ. ಈ ಕೆಲಸ ನಡೆಯುವುದು ಪಬ್ಬಿನ ನೆಲಮಾಳಿಗೆಯಲ್ಲಿ. ಹೀಗಾಗಿ ಬಿಯರ್ ತಯಾರಿಕೆಯ ಕೊನೆಯ ಹಂತ ಪಬ್ಬಿನವರ ಕೈಯಲ್ಲಿದೆ. ಬಾಟಲಿಯ ಬಿಯರ್ ಮಾರುವವನು ಅಂಗಡಿಯವನು; ಪೀಪಾಯಿಯ ಏಲ್ ಮಾರುವವನು ಅರ್ಧ ಬ್ರೂವರ್.

ಸಾಮಾನ್ಯ ಪೀಪಾಯಿಗೆ ‘ಫರ್ಕಿನ್’ ಎನ್ನುತ್ತಾರೆ. 9 ಗ್ಯಾಲನ್, ಅಂದರೆ 72 ಪಿಂಟು, ಸುಮಾರು 41 ಲೀಟರ್. ಹಿಂದೆ ಓಕ್ ಮರದ್ದು, ಈಗ ಬಹುತೇಕ ಸ್ಟೀಲಿನದು ಅಥವಾ ಪ್ಲಾಸ್ಟಿಕ್ಕಿನದು. ಅದನ್ನು ಅಡ್ಡ ಮಲಗಿಸಿ ಅಲುಗದಂತೆ ಕೂರಿಸುತ್ತಾರೆ. ಪೀಪಾಯಿಗೆ ಎರಡು ತೂತು: ಹೊಟ್ಟೆಯ ಮೇಲೊಂದು, ಮುಖದ ಕೆಳಭಾಗದಲ್ಲೊಂದು. ಮೇಲಿನ ತೂತಿನ ಬಿರಡೆಯ ನಡುವೆ ಮೊದಲು ಮೆತ್ತನೆ ಮರದ ಸಣ್ಣ ಗೂಟವೊಂದನ್ನು ಹೊಡೆಯುತ್ತಾರೆ. ಆ ಮರದ ರಂಧ್ರಗಳ ಮೂಲಕ ಹೆಚ್ಚಿನ ಗ್ಯಾಸು ನೊರೆಯಾಗಿ ಉಕ್ಕಿ ಹೊರಬರುತ್ತದೆ. ಉಕ್ಕು ಇಳಿದ ಮೇಲೆ ಗಟ್ಟಿ ಮರದ ಗೂಟ ಹೊಡೆದು ಉಳಿದ ಗ್ಯಾಸನ್ನು ಒಳಗೇ ಕಟ್ಟಿಹಾಕುತ್ತಾರೆ. ಮೆತ್ತನೆಯ ಗೂಟ ಯಾವಾಗ ತೆಗೆಯಬೇಕು, ಗಟ್ಟಿಯದು ಯಾವಾಗ ಹೊಡೆಯಬೇಕು ಎಂಬುದು ಪುಸ್ತಕ ನೋಡಿ ಬರುವ ವಿದ್ಯೆಯಲ್ಲ. ಬೇಗ ಮುಚ್ಚಿದರೆ ಲೋಟದ ತುಂಬ ನೊರೆ, ತಡವಾದರೆ ಸಪ್ಪೆ ನೀರು. ದೋಸೆ ಹಿಟ್ಟು ಎಷ್ಟು ಹೊತ್ತಿಗೆ ಹದಕ್ಕೆ ಬಂದೀತೆಂದು ಸೆಖೆ ನೋಡಿಯೇ ಹೇಳುವ ನಮ್ಮ ಅಜ್ಜಿಯರಿಗೆ ಈ ಕೆಲಸ ತಕ್ಷಣ ಅರ್ಥವಾಗುತ್ತಿತ್ತು.

ಒಂದೆರಡು ದಿನದಲ್ಲಿ ಯೀಸ್ಟಿನ ಗಷ್ಟು ತಳಕ್ಕೆ ಕೂರಬೇಕು. ಅದು ಬೇಗ ಕೂರಲೆಂದು ಬೆರೆಸುವ ವಸ್ತುವಿನ ಬಗ್ಗೆ ನಮ್ಮ ಓದುಗರಲ್ಲಿ ಹಲವರು ತಿಳಿದಿರುವುದು ಒಳ್ಳೆಯದು. ಅದು ‘ಐಸಿಂಗ್ಲಾಸ್’, ಅಂದರೆ ಒಣಗಿಸಿದ ಮೀನಿನ ಗಾಳಿಚೀಲದಿಂದ ಮಾಡಿದ್ದು. ಅದು ಯೀಸ್ಟನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ, ಲೋಟಕ್ಕೆ ಬರುವುದು ಏನೇನೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಕಟ್ಟುನಿಟ್ಟಿನ ಸಸ್ಯಾಹಾರಿಗಳು ‘ಇದು ಅನ್‌ಫೈನ್ಡ್ ಬಿಯರೇ?’ ಎಂದು ಕೇಳಬಹುದು. ಮೀನಿನ ಸಹವಾಸವೇ ಇಲ್ಲದ, ನೋಡಲು ಸ್ವಲ್ಪ ಮಬ್ಬಾದ ಏಲ್‌ಗಳು ಈಗ ಧಾರಾಳವಾಗಿ ಸಿಗುತ್ತವೆ. ಹೀಗೆ ಕೇಳಿದರೆ ಯಾರೂ ನಗುವುದಿಲ್ಲ. ವೀಗನ್ ಆದ ಇಂಗ್ಲಿಷರೇ ಅದನ್ನು ದಿನಾ ಕೇಳುತ್ತಾರೆ.

ಗಷ್ಟು ಕೂತ ಮೇಲೆ ಮುಂದಿನ ತೂತಿಗೆ ಮರದ ಸುತ್ತಿಗೆಯಿಂದ ನಲ್ಲಿ ಹೊಡೆಯುತ್ತಾರೆ. ಅಲ್ಲಿಂದ ಗಡಿಯಾರ ಓಡತೊಡಗುತ್ತದೆ. ಬಿಯರ್ ಹೊರಬಂದಷ್ಟೂ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಮೊದಲ ದಿನ ಆ ಗಾಳಿಯಿಂದ ರುಚಿ ಅರಳುತ್ತದೆ, ಮೂರನೆಯ ದಿನದ ಹೊತ್ತಿಗೆ ಅದೇ ಗಾಳಿ ಬಿಯರನ್ನು ಕೆಡಿಸತೊಡಗುತ್ತದೆ, ಆಮೇಲೆ ವಿನೆಗರ್. ಆದ್ದರಿಂದ 72 ಪಿಂಟುಗಳು ಮೂರು ದಿನದೊಳಗೆ ಮಾರಾಟವಾಗಲೇಬೇಕು. ರಿಯಲ್ ಏಲ್‌ನ ಲೆಕ್ಕಾಚಾರವೆಲ್ಲ ಈ ಒಂದು ವಾಕ್ಯದಲ್ಲಿದೆ. ಹೆಚ್ಚು ಪಂಪು ಇದ್ದರೆ ಹೆಚ್ಚು ಒಳ್ಳೆಯ ಪಬ್ಬು ಎಂದು ಹೊಸಬರು ಎಣಿಸುತ್ತಾರೆ. ನನ್ನ ಅಭಿಪ್ರಾಯ ತಿರುಗಾ ಮುರುಗಾ: ಖಾಲಿ ಹೊಡೆಯುವ ಪಬ್ಬಿನಲ್ಲಿ ಹತ್ತು ಪಂಪು ಕಂಡರೆ ಅಲ್ಲಿಂದ ಹೊರಡುವುದೇ ಕ್ಷೇಮ. ಹಾರ್ಪ್‌ನಲ್ಲಿ ಅಷ್ಟೊಂದು ಪಂಪುಗಳು ನಡೆಯುವುದು ಅಲ್ಲಿ ನಿಲ್ಲಲೂ ಜಾಗವಿಲ್ಲದಷ್ಟು ಜನ ಬರುವುದರಿಂದ.

ಬಾರಿನ ಮೇಲೆ ಎದ್ದು ನಿಂತ ಉದ್ದ ಹಿಡಿಗಳೇ ಹ್ಯಾಂಡ್‌ಪಂಪುಗಳು. ಜೋಸೆಫ್ ಬ್ರಾಮಾ ಎಂಬಾತ 1797ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಒಳಗಿರುವುದು ನಮ್ಮ ಬೋರಿಂಗ್ ಪಂಪಿನ ಹಾಗೆ ಸಿಲಿಂಡರು, ಪಿಸ್ಟನ್ನು, ಅಷ್ಟೇ. ಹಿಡಿ ಎಳೆದರೆ ಕೆಳಗಿನ ಪೀಪಾಯಿಯಿಂದ ಬಿಯರ್ ಮೇಲೇರುತ್ತದೆ. ತಳ್ಳುವ ಗ್ಯಾಸಿನ ಸಿಲಿಂಡರು ಬೇಕಿಲ್ಲ. ಲಾಗರಿನ ಸಣ್ಣ ನಲ್ಲಿಗೂ ಇದಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಕೊಳವೆಯ ತುದಿಗೆ ‘ಸ್ಪಾರ್ಕ್ಲರ್’ ಎಂಬ ತೂತುತೂತಿನ ಪುಟ್ಟ ಮುಚ್ಚಳ ಹಾಕುತ್ತಾರೆ. ಬಿಯರ್ ಅದರಲ್ಲಿ ನುಗ್ಗಿ ಬರುವಾಗ ಬೆಣ್ಣೆಯಂಥ ದಪ್ಪ ನೊರೆ ಏಳುತ್ತದೆ. ದಕ್ಷಿಣದವರು ಅದನ್ನು ತೆಗೆದಿಡುತ್ತಾರೆ. ನೊರೆ ತೆಳು, ಹಾಪ್ಸ್ ಹೂವಿನ ಕಹಿ ಖಡಕ್. ಯಾರ್ಕ್‌ಷೈರಿನವರ ಮುಂದೆ ಲಂಡನ್ ಪದ್ಧತಿಯನ್ನು ಹೊಗಳುವ ಸಾಹಸ ಬೇಡ.

ಈ ಪದ್ಧತಿ ಒಮ್ಮೆ ಅಳಿದೇಹೋಗುವುದರಲ್ಲಿತ್ತು. 1960ರ ದಶಕದಲ್ಲಿ ದೊಡ್ಡ ಬ್ರೂವರಿಗಳು ಸಣ್ಣವನ್ನು ನುಂಗಿ, ಸೋಸಿ, ಪಾಶ್ಚರೀಕರಿಸಿ, ಗ್ಯಾಸು ತುಂಬಿದ ‘ಕೆಗ್’ ಬಿಯರನ್ನು ದೇಶದ ತುಂಬ ಹರಿಸಿದವು. ವಾಟ್ನೀಸ್ ಕಂಪನಿಯ ರೆಡ್ ಬ್ಯಾರಲ್ ಅದರಲ್ಲಿ ಪ್ರಸಿದ್ಧ. ಕೆಗ್ ಬಿಯರ್ ಬೇಗ ಕೆಡುವುದಿಲ್ಲ, ನೆಲಮಾಳಿಗೆಯಲ್ಲಿ ಜಾಣ ಕೆಲಸಗಾರನೂ ಬೇಕಿಲ್ಲ. ವ್ಯಾಪಾರಿಗೆ ಇನ್ನೇನು ಬೇಕು? 1971ರಲ್ಲಿ ಇಂಗ್ಲೆಂಡಿನ ನಾಲ್ವರು ಯುವಕರು ಐರ್ಲೆಂಡಿನ ಕೆರಿಗೆ ರಜಕ್ಕೆ ಹೋಗಿದ್ದಾಗ ಇದರ ವಿರುದ್ಧ ಸಂಘ ಕಟ್ಟುವ ಮಾತು ಹುಟ್ಟಿತು. ಅದೇ ಕ್ಯಾಮ್ರಾ. 1974ರಿಂದ ಅವರ ‘ಗುಡ್ ಬಿಯರ್ ಗೈಡ್’ ಪುಸ್ತಕವಾಗಿ ಬರುತ್ತಿದೆ. ಬಿಯರ್ ರುಚಿಗಾಗಿ ನಡೆದ ಗ್ರಾಹಕ ಚಳವಳಿಯೊಂದು ಇಷ್ಟು ಕಾಲ ಬಾಳಿದ್ದು ವಿಚಿತ್ರವೇ.

ಇನ್ನೊಂದು ಸಂಗತಿ ಮಾಲೀಕತ್ವ. ಇಂಗ್ಲೆಂಡಿನ ಹಲವು ಪಬ್ಬುಗಳು ಒಂದೊಂದು ಬ್ರೂವರಿಗೆ ಕಟ್ಟುಬಿದ್ದಿರುತ್ತವೆ. ಅವರ ಬಿಯರನ್ನೇ ಕೊಳ್ಳಬೇಕು. ಯಾರ ಹಂಗೂ ಇಲ್ಲದ್ದು ‘ಫ್ರೀ ಹೌಸ್’. 1989ರಲ್ಲಿ ಸರ್ಕಾರ ದೊಡ್ಡ ಬ್ರೂವರಿಗಳ ಈ ಹಿಡಿತ ಸಡಿಲಿಸಲು ‘ಬಿಯರ್ ಆರ್ಡರ್ಸ್’ ತಂದಿತು. ಬ್ರೂವರಿಗಳೇನೋ ಸಾವಿರಾರು ಪಬ್ಬು ಮಾರಿದವು, ಆದರೆ ಕೊಂಡವರು ಪಬ್ಬುಗಳನ್ನಷ್ಟೇ ಇಟ್ಟುಕೊಳ್ಳುವ ಹೊಸ ದೊಡ್ಡ ಕಂಪನಿಗಳು. ಹಾರ್ಪ್ ಕೂಡ ಸ್ವತಂತ್ರ ಪಬ್ಬಾಗಿತ್ತು; 2014ರಲ್ಲಿ ಫುಲ್ಲರ್ಸ್ ಎಂಬ ಬ್ರೂವರಿ ಕಂಪನಿ ಅದನ್ನು ಕೊಂಡಿತು. ಅಲ್ಲಿಗೆ ಮುಗಿಯಿತು ಎಂದು ಹಳೆಯ ಗಿರಾಕಿಗಳು ಎದೆ ಬಡಿದುಕೊಂಡರು. ಮುಗಿಯಲಿಲ್ಲ. ಸಸೆಕ್ಸಿನ ಹಾರ್ವೀಸ್‌ನಂಥ ಹೊರಗಿನ ಬಿಯರ್‌ಗಳು ಅಲ್ಲಿ ಉಳಿದವು. ಇನ್ನೂ ದೊಡ್ಡ ಪಲ್ಲಟ ಬಂದದ್ದು 2019ರಲ್ಲಿ: ಫುಲ್ಲರ್ಸ್ ಪಬ್ಬುಗಳನ್ನು ಇಟ್ಟುಕೊಂಡು ತನ್ನ ಬ್ರೂವರಿಯನ್ನೇ ಜಪಾನಿನ ಅಸಾಹಿಗೆ ಮಾರಿತು. ಪಂಪಿನ ಮೇಲಿನ ಹೆಸರು ಹಳೆಯದೇ, ಹಿಂದಿರುವ ಒಡೆಯ ಬೇರೆ.

ಮತ್ತೆಮತ್ತೆ ಹೋಗುವವರ ಕಣ್ಣಿಗೆ ಇನ್ನೂ ಕೆಲವು ಬದಲಾವಣೆ ಬೀಳುತ್ತವೆ. 1988ರವರೆಗೆ ಇಂಗ್ಲೆಂಡಿನ ಪಬ್ಬುಗಳು ಮಧ್ಯಾಹ್ನ ಬಾಗಿಲು ಹಾಕಲೇಬೇಕಿತ್ತು. ಮೊದಲ ಮಹಾಯುದ್ಧದ ಕಾಲದ ಕಟ್ಟಳೆ ಅದು. 2005ರವರೆಗೆ ರಾತ್ರಿ ಹನ್ನೊಂದಕ್ಕೆ ಗಂಟೆ ಬಾರಿಸಿದರೆ ಸಾಮಾನ್ಯವಾಗಿ ಮುಗಿಯಿತು. 2007ರ ಜುಲೈ 1ರಿಂದ ಒಳಗೆ ಹೊಗೆ ನಿಂತಿತು. ಸೇದುವವರು ರಸ್ತೆಗೆ ಬಂದರು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಪಬ್ಬುಗಳು ರಾತ್ರೋರಾತ್ರಿ ಮುಚ್ಚಿದಾಗ ಹೆಚ್ಚು ನಷ್ಟವಾದದ್ದು ಪೀಪಾಯಿಯ ಏಲ್‌ಗೆ. ಕಾದಿಡಲಾಗದ್ದನ್ನು ಮೋರಿಗೆ ಸುರಿಯಬೇಕಾಯಿತು. 2023ರ ಆಗಸ್ಟಿನಲ್ಲಿ ತೆರಿಗೆ ಬದಲಾಗಿ 3.5 ಶೇಕಡಕ್ಕಿಂತ ಕಡಿಮೆ ಮದ್ಯಸಾರದ ಬಿಯರ್‌ಗೆ ಸುಂಕ ಇಳಿಯಿತು. ಹಾಗಾಗಿ ಈಗ ಹಲವು ಪಂಪುಗಳ ಮೇಲೆ 3.4 ಎಂಬ ಅಂಕಿ ಕಾಣುತ್ತದೆ. ರುಚಿಗಾಗಿ ಆರಿಸಿದ ಸಂಖ್ಯೆಯಲ್ಲ ಅದು.

ಇನ್ನು ಒಳಗೆ ಹೋದ ಮೇಲಿನ ರೀತಿ. ಕುರ್ಚಿ ಹಿಡಿದು ವೇಟರಿಗಾಗಿ ಕಾಯಬೇಡಿ, ಯಾರೂ ಬರುವುದಿಲ್ಲ. ಬಾರಿನ ಬಳಿ ಹೋಗಿ ನಿಲ್ಲಿ. ಸಾಲು ಇರುವುದಿಲ್ಲ, ಆದರೆ ಯಾರ ನಂತರ ಯಾರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ನಿಮಗಿಂತ ಮೊದಲು ಬಂದವರಿದ್ದರೆ ಅವರನ್ನು ತೋರಿಸಿ ‘ಅವರು ಮೊದಲು’ ಎಂದರೆ ನಿಮ್ಮ ಮರ್ಯಾದೆ ಹೆಚ್ಚುತ್ತದೆ. ಕೈ ಬೀಸುವುದು, ಚಿಟಿಕೆ ಹೊಡೆಯುವುದು, ನೋಟು ಆಡಿಸುವುದು ಬೇಡವೇ ಬೇಡ. ದುಡ್ಡು ಆಗಲೇ ಕೊಡಬೇಕು. ಪಂಪಿನ ಮೇಲಿನ ಬಿಲ್ಲೆಯಲ್ಲಿ ಬಿಯರಿನ ಹೆಸರು, ಮದ್ಯಸಾರದ ಪ್ರಮಾಣ ಇರುತ್ತವೆ. ಬಿಲ್ಲೆ ಹಿಂದುಮುಂದಾಗಿ ತಿರುಗಿದ್ದರೆ ಆ ಪೀಪಾಯಿ ಖಾಲಿ, ಅಥವಾ ಹೊಸದು ಇನ್ನೂ ಕೂತಿಲ್ಲ. ಯಾವುದು ಬೇಕೆಂದು ತಿಳಿಯದಿದ್ದರೆ ಒಂದು ಗುಟುಕು ರುಚಿ ಕೇಳಬಹುದು, ಪುಕ್ಕಟೆ ಕೊಡುತ್ತಾರೆ. ಶುಕ್ರವಾರ ಸಂಜೆಯ ನೂಕುನುಗ್ಗಲಿನಲ್ಲಿ ನಾಲ್ಕು ರುಚಿ ಕೇಳುವವನನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ. ಟಿಪ್ಸ್ ಬಿಡುವ ರೂಢಿಯಿಲ್ಲ. ಸೇವೆ ಮೆಚ್ಚಿದರೆ ‘ನಿಮಗೂ ಒಂದು’ ಎಂದು ಸೇರಿಸಿ ಹೇಳುತ್ತಾರೆ, ಆ ಹಣ ಅವರಿಗೆ. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸುವುದು ಪದ್ಧತಿ. ತನ್ನ ಸರದಿ ಬರುವ ಹೊತ್ತಿಗೆ ಮಾಯವಾಗುವವರು ಅಲ್ಲೂ ಇದ್ದಾರೆ.

ಪಿಂಟು ಎಂದರೆ 568 ಮಿಲಿಲೀಟರ್, ನಮ್ಮ ದೊಡ್ಡ ಬಾಟಲಿಗಿಂತ ತುಸು ಕಡಿಮೆ. ಅರ್ಧ ಪಿಂಟು ಕೇಳಲು ಸಂಕೋಚ ಬೇಡ. ಹಲವು ಬಗೆ ನೋಡಬೇಕೆಂದಿದ್ದರೆ ಅದೇ ಜಾಣತನ. 3.8 ಶೇಕಡ ಮದ್ಯಸಾರದ ‘ಬಿಟರ್’ ಏಲ್‌ನಿಂದ ಶುರು ಮಾಡಿ, 5ರ ಮೇಲಿನದನ್ನು ಕೊನೆಗಿಡಿ. ಮೊದಲೇ ಕಟುವಾದದ್ದನ್ನು ಕುಡಿದರೆ ಮೆದುವಾದದ್ದರ ರುಚಿ ನಾಲಗೆಗೆ ಹತ್ತುವುದಿಲ್ಲ. ಪಂಪಿನ ಮೇಲೆ ‘ಇಂಡಿಯಾ ಪೇಲ್ ಏಲ್’ ಕಂಡರೆ ಅದಕ್ಕೂ ನಮಗೂ ನಿಜವಾದ ನಂಟುಂಟು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಹಾಪ್ಸ್ ಹೆಚ್ಚು ಬಿದ್ದ ಬಿಯರನ್ನು ಇಲ್ಲಿಯ ಇಂಗ್ಲಿಷರಿಗಾಗಿ ಮೊದಲಿಗೆ ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿ, 1820ರ ದಶಕದಿಂದ ಬರ್ಟನ್ ಊರಿನವರು ಕಳಿಸುತ್ತಿದ್ದರು. ಇಂದು ಅದು ಬೆಂಗಳೂರಿನ ಮೈಕ್ರೋಬ್ರೂವರಿಗಳ ಪಟ್ಟಿಯಲ್ಲೂ ಇದೆ.

ಲೋಟ ಕೈಗೆ ಬಂದಾಗ ಮೊದಲು ಮೂಸಿ. ವಿನೆಗರ್ ಅಥವಾ ಒದ್ದೆ ರಟ್ಟಿನ ವಾಸನೆಯಿದ್ದರೆ ಪೀಪಾಯಿಗೆ ವಯಸ್ಸಾಗಿದೆ. ಬರೀ ಮಬ್ಬಾಗಿರುವುದು ದೋಷವಲ್ಲ, ಮಬ್ಬಿನ ಜೊತೆ ಹುಳಿಯಿದ್ದರೆ ದೋಷ. ಆಗ ಮೆಲುದನಿಯಲ್ಲಿ ‘ಇದೊಂದಿಷ್ಟು ನೋಡುತ್ತೀರಾ?’ ಎಂದು ಹಿಂದಿರುಗಿಸಿ. ಒಳ್ಳೆಯ ಪಬ್ಬಿನವರು ವಾದಿಸದೆ ಬದಲಿಸಿ ಕೊಡುತ್ತಾರೆ. ವಾದಿಸಿದರೆ ಆ ಪಬ್ಬಿನ ಬಗ್ಗೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತು. ನೊರೆಯೇ ಹೆಚ್ಚಾಗಿದ್ದರೆ ಇನ್ನಷ್ಟು ತುಂಬಿಸಿಕೊಡಿ ಎಂದು ಕೇಳುವುದೂ ತಪ್ಪಲ್ಲ. ಬಾಗಿಲ ಬಳಿ ‘ಕ್ಯಾಸ್ಕ್ ಮಾರ್ಕ್’ ಫಲಕವಿದ್ದರೆ ಅಲ್ಲಿಯ ಏಲ್‌ನ ಉಷ್ಣಾಂಶ, ರುಚಿ ಎಲ್ಲವನ್ನೂ ತಪಾಸಣೆಗಾರರು ಬಂದು ಪರೀಕ್ಷಿಸಿದ್ದಾರೆ ಎಂದರ್ಥ. ಪರಿಚಯವಿಲ್ಲದ ಊರಿನಲ್ಲಿ ಅದು ತಕ್ಕಮಟ್ಟಿಗೆ ನಂಬಬಹುದಾದ ಗುರುತು.

ಹಾರ್ಪ್‌ಗೆ ಹೋಗುವುದಾದರೆ ವಾರದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಊಟದ ಗದ್ದಲ ಇಳಿದಿರುತ್ತದೆ, ಕಚೇರಿ ಬಿಟ್ಟವರು ಇನ್ನೂ ಬಂದಿರುವುದಿಲ್ಲ, ರಾತ್ರಿಯಿಡೀ ಕೊಳವೆಯಲ್ಲಿ ನಿಂತ ಬಿಯರ್ ಆಗಲೇ ಖಾಲಿಯಾಗಿರುತ್ತದೆ, ಬಡಿಸುವವರಿಗೂ ನಿಮ್ಮ ಪ್ರಶ್ನೆಗೆ ಉತ್ತರಿಸುವ ಪುರುಸೊತ್ತಿರುತ್ತದೆ. ಕೂತು ಕುಡಿಯಬೇಕೆಂದರೆ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋಗಿ. ಸಂಜೆ ಐದೂವರೆಯ ಮೇಲೆ ಹೋದರೆ ಲೋಟ ಹಿಡಿದು ರಸ್ತೆಬದಿಯಲ್ಲಿ ನಿಲ್ಲಲು ತಯಾರಾಗಿರಿ.