ಸಸ್ಯ ಅಕ್ವೇರಿಯಂಗೆ ಶುದ್ಧೀಕರಿಸಿದ ನೀರು: ಲವಣಗಳ ಜಮಾ-ಖರ್ಚು

ಹೋಟೆಲುಗಳ ಸ್ವಾಗತ ಕೊಠಡಿ, ಆಭರಣ ಮಳಿಗೆ, ದಂತವೈದ್ಯರ ಚಿಕಿತ್ಸಾಲಯ, ಸಾಫ್ಟ್‌ವೇರ್ ಕಛೇರಿ ಮುಂತಾದ ಅನೇಕ ವ್ಯವಹಾರ ಸ್ಥಳಗಳಲ್ಲಿ ಇಂದು ಜೀವಂತ ಜಲಸಸ್ಯಗಳನ್ನು ಬೆಳೆಸಿದ ಗಾಜಿನ ತೊಟ್ಟಿಗಳು ಕಾಣಸಿಗುತ್ತವೆ. ಪ್ಲಾಸ್ಟಿಕ್ ಗಿಡಗಳ ಹಳೆಯ ತೊಟ್ಟಿಗಳಿಗಿಂತ ಇವು ನೋಡಲು ಚೆಂದ. ವೆಚ್ಚವೂ ಅಷ್ಟೇ ಹೆಚ್ಚು. ಇವುಗಳನ್ನು ಮಾರುವ ಮತ್ತು ವಾರ್ಷಿಕ ನಿರ್ವಹಣಾ ಕರಾರಿನ ಮೇಲೆ ನೋಡಿಕೊಳ್ಳುವ ವ್ಯಾಪಾರಿಗಳೂ, ಹಣ ಕೊಟ್ಟು ಇಟ್ಟುಕೊಂಡಿರುವ ಸಂಸ್ಥೆಗಳೂ ಈ ಪತ್ರಿಕೆಯ ಓದುಗರಲ್ಲಿದ್ದಾರೆ. ಇಬ್ಬರ ನಡುವೆ ಏಳುವ ತಕರಾರುಗಳನ್ನು ಕೆದಕಿದರೆ ಹಲವು ಬಾರಿ ತಳದಲ್ಲಿ ಸಿಗುವುದು ನೀರಿನ ವಿಚಾರ. ವಿಷಯ ರಸಾಯನಶಾಸ್ತ್ರದ್ದಾದರೂ ಅದರ ತಿರುಳು ಸರಳ ಅಂಕಗಣಿತ. ವಾಣಿಜ್ಯ ಪದವೀಧರನೊಬ್ಬನು ಇದರ ಬಗ್ಗೆ ಲೇಖನಿ ಹಿಡಿಯುವ ಧೈರ್ಯ ಮಾಡಿರುವುದೂ ಅದೇ ಕಾರಣಕ್ಕೆ.

ನನ್ನ ಲೆಕ್ಕಪರಿಶೋಧನೆಗೆ ಒಳಪಡುವ ಸಂಸ್ಥೆಯೊಂದರ ವೋಚರುಗಳಲ್ಲಿ ಎರಡು ತಿಂಗಳಿಗೊಮ್ಮೆ 'ಸಸ್ಯ ಬದಲಾವಣೆ' ಎಂಬ ಬಿಲ್ಲು ತಪ್ಪದೆ ಕಂಡುಬರುತ್ತಿತ್ತು. ಮೊದಲು ದೀಪ ಬದಲಾಯಿಸಿದರು, ಆಮೇಲೆ ದ್ರವಗೊಬ್ಬರ ಬದಲಾಯಿಸಿದರು. ಹೊಸ ಎಲೆಗಳು ಮುರುಟಿಯೇ ಹುಟ್ಟುತ್ತಿದ್ದವು, ಹಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತಿದ್ದವು, ಬಸವನಹುಳುಗಳ ಚಿಪ್ಪು ಬಿಳಿಚಿಕೊಂಡು ಸವೆಯುತ್ತಿತ್ತು. ತೊಟ್ಟಿಗೆ ತುಂಬುತ್ತಿದ್ದುದು ಕಛೇರಿಯ ಆರ್.ಒ. ಯಂತ್ರದ ನೀರು, ಬೇರೇನನ್ನೂ ಸೇರಿಸದೆ. "ನಾವು ಕುಡಿಯುವ ನೀರನ್ನೇ ಮೀನಿಗೂ ಹಾಕುತ್ತಿದ್ದೇವಲ್ಲ ಸಾರ್, ಇದಕ್ಕಿಂತ ಒಳ್ಳೆಯದು ಯಾವುದಿದೆ?" ಎಂಬುದು ಅಲ್ಲಿನ ವ್ಯವಸ್ಥಾಪಕರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ನಾವು ಸುಣ್ಣದ ಅಂಶವನ್ನು ಹಾಲಿನಿಂದಲೋ ರಾಗಿಯಿಂದಲೋ ಪಡೆಯುತ್ತೇವೆ. ಮುಳುಗಿ ಬೆಳೆಯುವ ಗಿಡಕ್ಕೆ ಅದರ ಬೇರಿನ ಮಣ್ಣನ್ನು ಬಿಟ್ಟರೆ ನೀರೇ ಊಟದ ತಟ್ಟೆ.

ಆರ್.ಒ. ವಿಧಾನದಲ್ಲಿ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯೊಂದರ ಮೂಲಕ ಹಾಯಿಸಲಾಗುತ್ತದೆ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ಬಳಕೆಗೆ ಯೋಗ್ಯವಾದ ಇಂತಹ ಪೊರೆಯನ್ನು ಸಿದ್ಧಪಡಿಸಿದಾಗ ಅವರ ಗುರಿ ಇದ್ದುದು ಸಮುದ್ರದ ನೀರಿನ ಉಪ್ಪನ್ನು ತೆಗೆಯುವುದು. ಪೊರೆಗೆ ಬೇಕಾದುದು ಬೇಡವಾದುದು ಎಂಬ ವಿವೇಚನೆಯಿಲ್ಲ. ಕರಗಿದ ಲವಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಅದು ಒಟ್ಟಾಗಿ ತಡೆಯುತ್ತದೆ. ನೈಟ್ರೇಟು, ಸೋಡಿಯಂ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಹೋಗುತ್ತವೆ. ಹೀಗೆ ಬಂದ ನೀರು ಆರಂಭಿಕ ಶಿಲ್ಕು ಸೊನ್ನೆಯಾಗಿರುವ ಖಾತೆಯಿದ್ದಂತೆ. ಅದಕ್ಕೆ ಏನನ್ನು, ಎಷ್ಟು ಜಮಾ ಮಾಡಬೇಕೆಂಬುದೇ ಈ ಲೇಖನದ ವಿಷಯ.

ಎರಡು ಖಾತೆಗಳನ್ನು ಬೇರೆ ಬೇರೆ ಇಡಬೇಕು. ಮೊದಲನೆಯದು ಗಡಸುತನ, ಅಕ್ವೇರಿಯಂ ವ್ಯಾಪಾರದಲ್ಲಿ ಇದಕ್ಕೆ ಜಿ.ಎಚ್. ಎನ್ನುತ್ತಾರೆ. ಇದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಮೊತ್ತ. ಎರಡನೆಯದು ಕ್ಷಾರೀಯತೆ, ಅಂದರೆ ಕೆ.ಎಚ್.; ಇದು ಮುಖ್ಯವಾಗಿ ಬೈಕಾರ್ಬೊನೇಟಿನ ಲೆಕ್ಕ. ಮೊದಲನೆಯದು ಗಿಡಕ್ಕೆ ಆಹಾರ, ಎರಡನೆಯದು ನೀರಿನ ಪಿ.ಎಚ್. ದಿಢೀರನೆ ಕುಸಿಯದಂತೆ ತಡೆಯುವ ಮೀಸಲು ನಿಧಿ. ಇವೆರಡನ್ನೂ ಜರ್ಮನ್ ಡಿಗ್ರಿಗಳಲ್ಲಿ ಅಳೆಯುವ ರೂಢಿಯಿದೆ. ಪ್ರಯೋಗಾಲಯದ ವರದಿಯಲ್ಲಿ ಗಡಸುತನ ಮತ್ತು ಕ್ಷಾರೀಯತೆಗಳನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ರೂಪದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ; ಅದನ್ನು 17.85ರಿಂದ ಭಾಗಿಸಿದರೆ ಡಿಗ್ರಿ ದೊರೆಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 10500 (2012ರ ಆವೃತ್ತಿ) ಒಪ್ಪಿಕೊಳ್ಳುವ ಗಡಸುತನದ ಮಿತಿ 200 ಮಿಲಿಗ್ರಾಂ, ಅಂದರೆ ಸುಮಾರು 11 ಡಿಗ್ರಿ. ಬೇರೆ ನೀರಿನ ಮೂಲವಿಲ್ಲದಾಗ 600ರವರೆಗೆ, ಅಂದರೆ ಸುಮಾರು 34 ಡಿಗ್ರಿಯವರೆಗೆ ವಿನಾಯಿತಿಯಿದೆ. ಸಾಮಾನ್ಯ ಸಸ್ಯ ತೊಟ್ಟಿಗೆ ಜಿ.ಎಚ್. 4ರಿಂದ 8, ಕೆ.ಎಚ್. 1ರಿಂದ 4 ಇದ್ದರೆ ಸಾಕು ಎಂಬುದು ನನ್ನ ಅಭಿಮತ.

ಇಲ್ಲಿ ಟಿ.ಡಿ.ಎಸ್. ಮೀಟರಿನ ಬಗ್ಗೆ ಒಂದು ಮಾತು. ನಿರ್ವಹಣೆಗೆ ಬರುವ ಹುಡುಗರ ಜೇಬಿನಲ್ಲಿ ಪೆನ್ನಿನಂತಹ ಈ ಸಾಧನ ಇದ್ದೇ ಇರುತ್ತದೆ. ಅದು ತೋರಿಸುವುದು ಒಟ್ಟು ಮೊತ್ತವನ್ನು ಮಾತ್ರ. ಯಾವ ಶೀರ್ಷಿಕೆಯಲ್ಲಿ ಎಷ್ಟು ಎಂಬುದನ್ನು ಅದು ಹೇಳದು. ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಮತ್ತು ವಾಣಿಜ್ಯ ಸಂಕೀರ್ಣಗಳಲ್ಲಿ ಕೊಳವೆ ಬಾವಿಯ ನೀರಿಗೆ ಉಪ್ಪು ಬಳಸುವ ಸಾಫ್ಟ್‌ನರ್ ಘಟಕ ಅಳವಡಿಸಿರುತ್ತಾರೆ. ಆ ಘಟಕವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದುಕೊಂಡು ಬದಲಿಗೆ ಸೋಡಿಯಂ ಕೊಡುತ್ತದೆ. ಹೊರಬರುವ ನೀರಿನ ಟಿ.ಡಿ.ಎಸ್. ಹೆಚ್ಚುಕಡಿಮೆ ಮೊದಲಿನಷ್ಟೇ, ಕೆ.ಎಚ್. ಕೂಡ ಮೊದಲಿನಷ್ಟೇ, ಜಿ.ಎಚ್. ಮಾತ್ರ ಸೊನ್ನೆಯ ಸಮೀಪ! ಗೀಸರಿಗೆ ಹಿತವಾದ ಈ ನೀರು ಗಿಡಕ್ಕೆ ಎಲ್ಲಕ್ಕಿಂತ ಪ್ರತಿಕೂಲ. ಇನ್ನೊಂದೆಡೆ, ನಮ್ಮ ದೇಶದ ಮನೆಬಳಕೆಯ ಎಷ್ಟೋ ಆರ್.ಒ. ಯಂತ್ರಗಳಲ್ಲಿ 'ಟಿ.ಡಿ.ಎಸ್. ಕಂಟ್ರೋಲರ್' ಎಂಬ ತಿರುಪು ಇರುತ್ತದೆ. ಅದು ಪೊರೆಯನ್ನು ಹಾಯದ ನೀರನ್ನು ಸ್ವಲ್ಪ ಬೆರೆಸುವುದರಿಂದ ಅಂತಹ ಯಂತ್ರದ ನೀರು ಸೊನ್ನೆಯೂ ಅಲ್ಲ, ನಿಶ್ಚಿತವೂ ಅಲ್ಲ. ಆದ್ದರಿಂದ ಹನಿ ಹಾಕಿ ಬಣ್ಣ ಬದಲಾಗುವುದನ್ನು ಎಣಿಸುವ ಜಿ.ಎಚ್. ಮತ್ತು ಕೆ.ಎಚ್. ಪರೀಕ್ಷಾ ಕಿಟ್ಟುಗಳಿಗೆ ಹಣ ಖರ್ಚು ಮಾಡುವುದು ಅನಿವಾರ್ಯ.

ಲವಣ ಸೇರಿಸುವ ಮುನ್ನ ಶುದ್ಧ ನೀರು ಬೇಕೇ ಎಂದು ಕೇಳಿಕೊಳ್ಳುವುದು ಲೇಸು. ಕಾವೇರಿ ನೀರು ಕೊಳವೆ ಬಾವಿಯ ನೀರಿಗಿಂತ ಸಾಮಾನ್ಯವಾಗಿ ಮೆದು. ಕ್ಲೋರಿನ್ ಕಳೆದರೆ ಅದನ್ನು ನೇರವಾಗಿಯೇ ಬಳಸಬಹುದು. ಆದರೆ ಒಂದೇ ಸಂಪಿಗೆ ಎರಡೂ ಬೀಳುವ ಕಟ್ಟಡಗಳಲ್ಲಿ ನೀರಿನ ಗುಣ ವಾರದಿಂದ ವಾರಕ್ಕೆ ಬದಲಾಗುತ್ತದೆ. ಇನ್ನು ಗಡಸು ನೀರು ಮಾತ್ರ ಇರುವಲ್ಲಿ ಮಿಶ್ರಣವೇ ಅಗ್ಗದ ದಾರಿ. ಉದಾಹರಣೆಗೆ ಕೊಳವೆ ಬಾವಿಯ ನೀರಿನ ಜಿ.ಎಚ್. 20, ಕೆ.ಎಚ್. 16 ಎಂದಿಟ್ಟುಕೊಳ್ಳೋಣ. ಒಂದು ಪಾಲು ಈ ನೀರು, ಮೂರು ಪಾಲು ಆರ್.ಒ. ನೀರು ಬೆರೆಸಿದರೆ ಜಿ.ಎಚ್. 5, ಕೆ.ಎಚ್. 4 ಬರುತ್ತದೆ, ಒಂದು ಗ್ರಾಂ ಲವಣವನ್ನೂ ಕೊಳ್ಳಬೇಕಾಗಿಲ್ಲ. ಬಾವಿ ನೀರಿನಲ್ಲಿ ನೈಟ್ರೇಟು ವಿಪರೀತವಾಗಿದ್ದರೆ ಅಥವಾ ಬರುವುದು ಮೇಲೆ ಹೇಳಿದ ಸಾಫ್ಟ್‌ನರ್ ನೀರಾಗಿದ್ದರೆ ಮಾತ್ರ ಈ ದಾರಿ ಕೈಬಿಡಬೇಕು.

ಮಿಶ್ರಣದ ಲಾಭ ಹಣದ್ದಷ್ಟೇ ಅಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಚೆಲ್ಲುವ ಯಂತ್ರವಾದರೆ, ವಾರಕ್ಕೆ 50 ಲೀಟರ್ ಬದಲಾಯಿಸುವ ತೊಟ್ಟಿಯೊಂದರಿಂದ ವರ್ಷಕ್ಕೆ 7,800 ಲೀಟರ್ ನೀರು ಚರಂಡಿ ಸೇರುತ್ತದೆ. ಮೇಲಿನ ಮಿಶ್ರಣದಲ್ಲಿ ಅದು 5,850ಕ್ಕೆ ಇಳಿಯುತ್ತದೆ. ಅದನ್ನೂ ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು ಬಳಸಬಹುದು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಬಳಸದಂತೆ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ಓದುಗರು ಮರೆತಿರಲಾರರು. ಅಲಂಕಾರಕ್ಕಾಗಿ ನೀರು ಬಳಸುವವರು ಲೀಟರಿನ ಲೆಕ್ಕ ಕೊಡಲು ಸಿದ್ಧರಿರಬೇಕು.

ಸಂಪೂರ್ಣ ಆರ್.ಒ. ನೀರನ್ನೇ ಬಳಸಬೇಕಾದಾಗ 100 ಲೀಟರಿಗೆ ಲೆಕ್ಕ ಹೀಗಿದೆ. ಜಿ.ಎಚ್. ಒಂದು ಡಿಗ್ರಿ ಏರಲು ಶುದ್ಧ ಜಿಪ್ಸಂ ಆದರೆ ಸುಮಾರು 3.1 ಗ್ರಾಂ, ಎಪ್ಸಂ ಲವಣ ಆದರೆ 4.4 ಗ್ರಾಂ. ಕೆ.ಎಚ್. ಒಂದು ಡಿಗ್ರಿ ಏರಲು ಅಡುಗೆ ಸೋಡ 3 ಗ್ರಾಂ, ಅಥವಾ ಪೊಟ್ಯಾಸಿಯಂ ಬೈಕಾರ್ಬೊನೇಟ್ 3.6 ಗ್ರಾಂ. ಪೊಟ್ಯಾಸಿಯಂ ಗಿಡಕ್ಕೆ ಬೇಕಾದುದೇ ಆದ್ದರಿಂದ ಎರಡನೆಯದನ್ನು ಸೇರಿಸಿಕೊಳ್ಳುವುದು ಉತ್ತಮ. ಜಿ.ಎಚ್. 4, ಕೆ.ಎಚ್. 2 ಬೇಕಾದರೆ ಜಿಪ್ಸಂ 9.2 ಗ್ರಾಂ, ಎಪ್ಸಂ 4.4 ಗ್ರಾಂ, ಪೊಟ್ಯಾಸಿಯಂ ಬೈಕಾರ್ಬೊನೇಟ್ 3.6 ಗ್ರಾಂ, ಅಡುಗೆ ಸೋಡ 3 ಗ್ರಾಂ. ಹೀಗೆ ಮಾಡಿದರೆ ಲೀಟರಿಗೆ ಕ್ಯಾಲ್ಸಿಯಂ ಸುಮಾರು 21 ಮಿಲಿಗ್ರಾಂ, ಮೆಗ್ನೀಸಿಯಂ 4 ಮಿಲಿಗ್ರಾಂ, ಪೊಟ್ಯಾಸಿಯಂ 14 ಮಿಲಿಗ್ರಾಂ ಜಮೆಯಾಗುತ್ತದೆ. ಜಿಪ್ಸಂ ಕರಗುವುದು ಬಲು ನಿಧಾನ. ಒಂದು ಲೀಟರಿನಲ್ಲಿ ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕರಗುವುದರಿಂದ ಅದನ್ನು ಲೋಟದಲ್ಲಿ ಕಲಕದೆ ದೊಡ್ಡ ಡ್ರಮ್ಮಿನಲ್ಲಿ ಹಿಂದಿನ ರಾತ್ರಿಯೇ ಹಾಕಿಡಬೇಕು. ಹೊಲಕ್ಕೆ ಹಾಕುವ ಜಿಪ್ಸಂನಲ್ಲಿ ಮಣ್ಣು, ಕಲ್ಮಶ ಇರುತ್ತದೆ, ಅದು ಬೇಡ. ಅಡುಗೆ ಸೋಡವೆಂದು ಬಟ್ಟೆ ಸೋಡ ತರುವುದು ಇನ್ನೂ ಅಪಾಯ. ಇವೇ ಲವಣಗಳು ಚಂದದ ಡಬ್ಬಿಗಳಲ್ಲಿ ಆಮದಾಗಿಯೂ ಬರುತ್ತವೆ. ತೂಕದ ಯಂತ್ರ ಇಟ್ಟುಕೊಳ್ಳಲಾಗದವರು ಅವನ್ನು ಕೊಳ್ಳಬಹುದು.

ಕೆ.ಎಚ್. ಸೊನ್ನೆಯಲ್ಲೇ ಬಿಟ್ಟರೆ ಏನಾಗುತ್ತದೆ? ಮೀನಿನ ಮಲಮೂತ್ರದ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟಾಗಿ ಪರಿವರ್ತಿಸುವಾಗ, ಅಮೋನಿಯಾದ ಒಂದು ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಒಂದು ಡಿಗ್ರಿ ಕೆ.ಎಚ್. ಎಂದರೆ ಕೇವಲ ಎರಡೂವರೆ ಮಿಲಿಗ್ರಾಂ ಸಾರಜನಕದ ಖರ್ಚು. ಮೀಸಲು ಮುಗಿದ ದಿನ ಪಿ.ಎಚ್. ಕುಸಿಯುತ್ತದೆ, ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ, ಮೀನು ಸಾಯುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಅಳವಡಿಸಿದ ತೊಟ್ಟಿಗಳಲ್ಲಿ ಇನ್ನೊಂದು ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ಕೆ.ಎಚ್. 2 ಇರುವ ನೀರಿನಲ್ಲಿ ಪಿ.ಎಚ್. 7 ಇದ್ದರೆ ಅನಿಲ ಲೀಟರಿಗೆ ಸುಮಾರು 6 ಮಿಲಿಗ್ರಾಂ; ಪಿ.ಎಚ್. 6.3ಕ್ಕೆ ಇಳಿದರೆ 30 ಮಿಲಿಗ್ರಾಂ. ಗಿಡಕ್ಕೆ ಅಷ್ಟು ಸಾಕು. ಅದರಿಂದಾಚೆಗೆ ಮೀನಿನ ಉಸಿರಿಗೆ ತೊಂದರೆ. ಪಿ.ಎಚ್. ಇಳಿಸುವ, ಏರಿಸುವ ಬಾಟಲಿ ದ್ರಾವಣಗಳನ್ನು ನಾನು ಶಿಫಾರಸು ಮಾಡಲಾರೆ, ಕೆ.ಎಚ್. ಸರಿಯಿದ್ದರೆ ಅವುಗಳ ಅಗತ್ಯವೇ ಬೀಳದು.

ಹವಾನಿಯಂತ್ರಿತ ಕಛೇರಿಗಳಲ್ಲಿ ಆವಿಯಾಗುವ ನೀರಿನ ಬಗ್ಗೆ ವಿಶೇಷ ಎಚ್ಚರ ಬೇಕು. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. 100 ಲೀಟರ್ ತೊಟ್ಟಿಯಿಂದ ದಿನಕ್ಕೊಂದು ಲೀಟರ್ ಆವಿಯಾಗಿ, ಆ ಕೊರತೆಯನ್ನು ಕಾವಲುಗಾರನು 20 ಡಿಗ್ರಿಯ ಬಾವಿ ನೀರಿನಿಂದ ತುಂಬಿದರೆ ತಿಂಗಳಲ್ಲಿ ಜಿ.ಎಚ್. 6 ಡಿಗ್ರಿ ಏರುತ್ತದೆ. ಮಟ್ಟ ತುಂಬಲು ಲವಣರಹಿತ ಆರ್.ಒ. ನೀರು, ನೀರು ಬದಲಾಯಿಸಲು ಲವಣ ಸೇರಿಸಿದ ನೀರು: ಇದನ್ನು ತೊಟ್ಟಿಯ ಬಳಿಯೇ ಬರೆದು ಅಂಟಿಸಿಡುವುದು ಒಳ್ಳೆಯದು.

ನಿರ್ವಹಣಾ ಕರಾರಿನಲ್ಲಿ 'ನೀರಿನ ಗುಣಮಟ್ಟ ಕಾಪಾಡತಕ್ಕದ್ದು' ಎಂದಷ್ಟೇ ಬರೆದರೆ ತಕರಾರಿನ ದಿನ ಅದಕ್ಕೆ ಅರ್ಥವಿರುವುದಿಲ್ಲ. ಜಿ.ಎಚ್., ಕೆ.ಎಚ್.ಗಳ ಕೆಳಮಿತಿ ಮೇಲ್ಮಿತಿಗಳನ್ನು ಅಂಕಿಗಳಲ್ಲಿ ನಮೂದಿಸಿ, ಪ್ರತಿ ಭೇಟಿಯಲ್ಲೂ ತೊಟ್ಟಿಯ ಮತ್ತು ಹೊಸ ನೀರಿನ ಅಳತೆಗಳನ್ನು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಯಂತ್ರದ ಪೊರೆ ಬದಲಾಯಿಸಿದ ದಿನಾಂಕವನ್ನೂ ಅದರಲ್ಲಿ ಬರೆಯಿಸಿ. ಹಳೆಯ ಪೊರೆಯಿಂದ ನುಸುಳುತ್ತಿದ್ದ ಲವಣ ಅಂದಿನಿಂದ ನಿಲ್ಲುವುದರಿಂದ ಡ್ರಮ್ಮಿಗೆ ಹಾಕುವ ಪ್ರಮಾಣವನ್ನು ಆ ವಾರವೇ ಮತ್ತೆ ಅಳೆದು ನಿಗದಿಪಡಿಸಬೇಕಾಗುತ್ತದೆ. ಈಗಾಗಲೇ ಬರಿಯ ಆರ್.ಒ. ನೀರಿನಲ್ಲಿರುವ ತೊಟ್ಟಿಯನ್ನು ಒಂದೇ ದಿನದಲ್ಲಿ ಸರಿಪಡಿಸಲು ಹೋಗಬಾರದು. ಪ್ರತಿ ಬದಲಾವಣೆಯಲ್ಲಿ ಒಂದೆರಡು ಡಿಗ್ರಿಯಂತೆ ಏರಿಸುತ್ತಾ ಮೂರು ನಾಲ್ಕು ವಾರಗಳಲ್ಲಿ ಗುರಿ ತಲುಪಿಸಿದರೆ ಮೀನುಗಳಿಗೆ ಒಗ್ಗಿಕೊಳ್ಳಲು ಅವಕಾಶ ದೊರೆಯುತ್ತದೆ.