ಹೆಮ್ಮಾಡಿ ಸೇವಂತಿಗೆ ಅಂಗಳಕ್ಕೂ ಬರಲಿ

ಮಕರ ಸಂಕ್ರಮಣದ ಹೊತ್ತಿಗೆ ಮಾರಣಕಟ್ಟೆ ಜಾತ್ರೆಗೆ ಹೋದವರಿಗೆ ಹೆಮ್ಮಾಡಿ ಸೇವಂತಿಗೆಯ ಪರಿಚಯ ಬೇಕಿಲ್ಲ. ಪುಟ್ಟ ಹೂವು, ಅಚ್ಚ ಹಳದಿ, ಘಮವೂ ಉಂಟು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಕೊಲ್ಲೂರಿನ ದಾರಿ ಕವಲೊಡೆಯುವ ಊರು ಹೆಮ್ಮಾಡಿ. ಅಲ್ಲಿನ ಕೃಷಿಕರು ಮುಖ್ಯವಾಗಿ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆಂದೇ ಇದನ್ನು ಬೆಳೆಸುತ್ತಾರೆ. ಇಷ್ಟು ಹತ್ತಿರದ ಹೂವು ನಮ್ಮ ಅಂಗಳಗಳಿಗೆ ಮಾತ್ರ ಅಪರೂಪವಾಗಿದೆ.

ಡಿಸೆಂಬರಿನಲ್ಲಿ ನರ್ಸರಿಯಿಂದ ದೊಡ್ಡ ಹೂವಿನ ಸೇವಂತಿಗೆಯ ಕುಂಡ ತರುತ್ತೇವೆ, ಹೂವು ಬಾಡಿದೊಡನೆ ಗಿಡವನ್ನೂ ಎಸೆಯುತ್ತೇವೆ. ಸೇವಂತಿಗೆ ಹಾಗೆ ಎಸೆಯುವ ಗಿಡವಲ್ಲ, ವರ್ಷ ವರ್ಷ ಬುಡದಿಂದ ಚಿಗುರುವ ಬಹುವಾರ್ಷಿಕ. ಚಳಿಯ ದೇಶಗಳಲ್ಲಿ ಗಟ್ಟಿ ಗಿಡವೆಂದರೆ ಹಿಮ ತಾಳುವಂಥದ್ದು. ಕರಾವಳಿಯಲ್ಲಿ ಪರೀಕ್ಷೆ ಆಸಾಡಿಯ ಮಳೆಯದ್ದು. ಬಿಸಿಲಿಗಿಂತ ಹೆಚ್ಚು ಗಿಡಗಳನ್ನು ಕೊಲ್ಲುವುದು ಬುಡದಲ್ಲಿ ನಿಂತ ನೀರು. ಬೈಲು, ಮಜಲು, ಬೆಟ್ಟು ಎಂದು ನೆಲವನ್ನು ನೀರಿನ ಲೆಕ್ಕದಲ್ಲೇ ಗುರುತಿಸಿದ ಊರು ನಮ್ಮದು. ಹೂವಿನ ಗಿಡಕ್ಕೂ ಅದೇ ಲೆಕ್ಕ. ಅಂಗಳದ ಎತ್ತರದ ಬದಿಯಲ್ಲಿ ಏರು ಮಾಡಿ, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಬೇಕು. ಹೂವು ಮುಗಿದ ಮೇಲೆ ಕಾಂಡ ಕತ್ತರಿಸಿ, ಬೇಸಿಗೆಯಲ್ಲಿ ನೀರು ಕೊಟ್ಟು ತಾಯಿಗಿಡ ಉಳಿಸಿಕೊಳ್ಳಿ. ಮಳೆಗಾಲದಲ್ಲಿ ಅದಕ್ಕೊಂದು ಮರೆ ಬೇಕು. ಮಳೆಯ ಬಿರುಸು ತಗ್ಗಿದಾಗ ಬುಡದ ಮರಿಗಳನ್ನು ಬೇರು ಸಮೇತ ಬಿಡಿಸಿ, ದಿನವಿಡೀ ಬಿಸಿಲು ಬೀಳುವಲ್ಲಿ ನೆಡಿ.

ಇನ್ನೊಂದು ಸೂಕ್ಷ್ಮವಿದೆ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಾಗಬೇಕು. ಹಗಲಿನ ಅಳತೆ ನೋಡಿ ಗಿಡಗಳು ಹೂ ಬಿಡುವ ಈ ಬಗೆಯನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳನ್ನಿಟ್ಟುಕೊಂಡು ವಿವರಿಸಿದರು. ಹಾಗಾಗಿ ಗೇಟಿನ ದೀಪ ರಾತ್ರಿಯೆಲ್ಲ ಉರಿಯುವ ಜಾಗದಲ್ಲಿ ನೆಟ್ಟರೆ ಗಿಡ ಸೊಂಪಾಗಿ ಬೆಳೆದರೂ ಮೊಗ್ಗು ಬರುವುದು ಅನುಮಾನ. ರಾತ್ರಿಯ ಸೆಕೆ ಹೆಚ್ಚಾದರೆ ಹೂವು ತಡವಾಗುತ್ತದೆ. ಒಂದೇ ಜಾತ್ರೆಯನ್ನು ನಂಬಿದ ಬೆಳೆಗಾರನಿಗೆ ಒಂದು ವಾರ ಹಿಂದುಮುಂದಾದರೂ ನಷ್ಟ. ಅಕಾಲ ಮಳೆಯಾದ ವರ್ಷ ಹೆಮ್ಮಾಡಿಯವರು ಪಡುವ ಆತಂಕ ಸಣ್ಣದಲ್ಲ. ಈ ತಳಿಯನ್ನು ಉಳಿಸುವ ಭಾರ ಅವರೊಬ್ಬರ ಮೇಲೇ ಇರುವುದು ನ್ಯಾಯವಲ್ಲ.

ಜೊತೆಗೆ ಗೋರಟೆ, ಅಬ್ಬಲಿಗೆ, ದಾಸವಾಳ ಇರಲಿ. ಕೇಪಳವಂತೂ ಮುರಕಲ್ಲಿನ ನೆಲದಲ್ಲಿ ತಾನಾಗಿ ಬೆಳೆದು ಬೇಸಿಗೆಯಲ್ಲಿ ಕೆಂಪಾಗುತ್ತದೆ. ಗೊಬ್ಬರ, ರೋಗಗಳ ಬಗ್ಗೆ ಸಂದೇಹವಿದ್ದರೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗಿಡಕ್ಕೆ ಮಾತ್ರ ಹೆಮ್ಮಾಡಿಗೇ ಹೋಗಿ. ಜಾತ್ರೆ ಮುಗಿದು ಗದ್ದೆ ಖಾಲಿಯಾಗುವ ಮೊದಲು ಬೆಳೆಗಾರರಲ್ಲಿ ಕೇಳಿ, ದುಡ್ಡು ಕೊಟ್ಟು ನಾಲ್ಕು ಬುಡ ತನ್ನಿ.